ದಣಿದ ರೆಪ್ಪೆಯ ಮುನ್ನೂರು ವರ್ಷಗಳು



ಬೆಳಗ್ಗೆ ಎದ್ದಾಗ ಎಲ್ಲರಂತೆಯೇ ಇರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ರೆಪ್ಪೆ ಜೋತುಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಸಂಜೆಗೆ ಮಾತು ಮೂಗಿನಲ್ಲಿ ಹೊರಡುತ್ತದೆ, ತುತ್ತು ಗಂಟಲಿನಲ್ಲಿ ಇಳಿಯದು. ರಾತ್ರಿ ನಿದ್ರಿಸಿ ಎದ್ದರೆ ಬಹುಮಟ್ಟಿಗೆ ಮೊದಲಿನಂತೆಯೇ! ಇಂತಹ ಕಾಯಿಲೆಯೊಂದಿದೆ. ವೈದ್ಯರು ಅದನ್ನು ಮಯಸ್ತೀನಿಯಾ ಗ್ರೇವಿಸ್ ಎಂದು ಕರೆಯುತ್ತಾರೆ. ಸ್ನಾಯುದೌರ್ಬಲ್ಯ ಎಂಬರ್ಥದ ಗ್ರೀಕ್ ಪದಕ್ಕೆ ಗಂಭೀರ ಎಂಬರ್ಥದ ಲ್ಯಾಟಿನ್ ಪದ ಸೇರಿ ಆದ ಹೆಸರು ಇದು. ‘ನನ್ನಿಂದ ಆಗುತ್ತಿಲ್ಲ’ ಎಂಬ ರೋಗಿಯ ಮಾತಿಗೆ ಸಾಕ್ಷ್ಯವೊದಗಿಸಲು ಶಾಸ್ತ್ರಕ್ಕೆ ಮುನ್ನೂರು ವರ್ಷಗಳೇ ಬೇಕಾದವು. ಆ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

1672ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ತನ್ನ ಲ್ಯಾಟಿನ್ ಗ್ರಂಥವೊಂದರಲ್ಲಿ ಒಬ್ಬ ಮಹಿಳೆಯ ವಿಷಯವನ್ನು ದಾಖಲಿಸಿದ್ದಾನೆ. ಸ್ವಲ್ಪ ಕಾಲ ಸರಾಗವಾಗಿ ಮಾತನಾಡಿದ ಬಳಿಕ ಆಕೆಯ ದನಿಯೇ ಅಡಗಿಹೋಗುತ್ತಿತ್ತು. ಒಂದೆರಡು ಗಂಟೆ ಕಳೆದ ಮೇಲೆ ಮಾತು ಮರಳುತ್ತಿತ್ತು. ಇದಾಗಿ ಇನ್ನೂರು ವರ್ಷಗಳ ನಂತರ, 1877ರಲ್ಲಿ, ಲಂಡನ್ನಿನ ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಇಂಥದೇ ಲಕ್ಷಣಗಳಿದ್ದ ಯುವತಿಯೊಬ್ಬಳನ್ನು ವರ್ಣಿಸಿದ. ಆಕೆಯದು ಬರಿಯ ಮನೋವಿಕಾರವೆಂದು ಮೊದಲು ಭಾವಿಸಲಾಗಿತ್ತು. ಆಕೆ ಉಸಿರಾಡಲಾರದೆ ತೀರಿಕೊಂಡಳು. ಮರಣೋತ್ತರ ಪರೀಕ್ಷೆಯಲ್ಲಿ ಮಿದುಳಿನಲ್ಲಿ ಯಾವ ದೋಷವೂ ಕಾಣಲಿಲ್ಲ.

ಈ ಕಾಯಿಲೆಯ ಕ್ರೌರ್ಯ ಇರುವುದೇ ಇಲ್ಲಿ. ನಾನು ಸೇವೆಯಲ್ಲಿದ್ದ ಶಾಲೆಗಳಲ್ಲೊಂದರಲ್ಲಿ ಹಿಂದಿ ಅಧ್ಯಾಪಕರೊಬ್ಬರಿದ್ದರು. ಮೊದಲ ಪಿರಿಯಡ್ಡಿನಲ್ಲಿ ಅವರದು ಕಂಚಿನ ಕಂಠ. ಮಧ್ಯಾಹ್ನದ ಗಂಟೆ ಬಾರಿಸುವ ಹೊತ್ತಿಗೆ ಪದಗಳು ತೊದಲುತ್ತಿದ್ದವು, ಸೀಮೆಸುಣ್ಣ ಹಿಡಿದ ಕೈ ಹಲಗೆಯ ಮೇಲ್ಭಾಗಕ್ಕೆ ಏರುತ್ತಿರಲಿಲ್ಲ. ತಪಾಸಣೆಗೆ ಬೆಳಗ್ಗೆಯೇ ಬಂದ ಅಧಿಕಾರಿಯೊಬ್ಬರು ಅವರ ಪಾಠ ಕೇಳಿ, ‘ಇವರಿಗೆ ಬಂದಿರುವುದು ಸೋಮಾರಿತನ’ ಎಂದು ತೀರ್ಪಿತ್ತು ಹೋದರು. ಮೂರು ವರ್ಷಗಳ ನಂತರವಷ್ಟೇ ಕಾಯಿಲೆಯ ಹೆಸರು ತಿಳಿಯಿತು. ಮಾತ್ರೆಯ ಬಲದಿಂದ ಅವರು ನಿವೃತ್ತಿಯವರೆಗೂ ಪಾಠ ಹೇಳಿದರು. ಆದರೆ ಆ ಮೂರು ವರ್ಷ ಕೇಳಿದ ಮಾತುಗಳಿಗೆ ಮಾತ್ರೆ ಇರಲಿಲ್ಲ.

ರೋಗಿಯ ಪರವಾಗಿ ಮೊದಲ ಗಟ್ಟಿ ಸಾಕ್ಷ್ಯ ದೊರೆತದ್ದು 1895ರಲ್ಲಿ. ಬರ್ಲಿನ್ನಿನ ಫ್ರೀಡ್ರಿಶ್ ಯೋಲಿ ರೋಗಿಯ ಸ್ನಾಯುವನ್ನು ವಿದ್ಯುತ್ತಿನಿಂದ ಮತ್ತೆ ಮತ್ತೆ ಪ್ರಚೋದಿಸಿದ. ಸ್ನಾಯುವಿನ ಸ್ಪಂದನ ಬರಬರುತ್ತಾ ಕುಗ್ಗಿತು, ವಿಶ್ರಾಂತಿಯ ಬಳಿಕ ಮರಳಿತು. ಇಲ್ಲಿ ಸ್ನಾಯುವನ್ನು ಕುಣಿಸಿದ್ದು ವಿದ್ಯುತ್ತು, ರೋಗಿಯ ಇಚ್ಛೆಯಲ್ಲ. ಆದ್ದರಿಂದ ನಟನೆಯ ಆರೋಪಕ್ಕೆ ಎಡೆಯೇ ಇರಲಿಲ್ಲ. ಇಂದು ಬಳಕೆಯಲ್ಲಿರುವ ಹೆಸರನ್ನು ಕೊಟ್ಟವನೂ ಅವನೇ. ಆದರೆ ದೋಷ ಎಲ್ಲಿದೆ?

ಅದರ ಸುಳಿವು ಹಳೆಯದೊಂದು ಪ್ರಯೋಗದಲ್ಲಿತ್ತು. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬೇಟೆಯ ಬಾಣಗಳಿಗೆ ಕ್ಯುರಾರೆ ಎಂಬ ಸಸ್ಯವಿಷವನ್ನು ಸವರುತ್ತಿದ್ದರು. 1850ರ ದಶಕದಲ್ಲಿ ಪ್ಯಾರಿಸ್ಸಿನ ಕ್ಲೋದ್ ಬರ್ನಾರ್, ಈ ವಿಷವೇರಿದ ಕಪ್ಪೆಯಲ್ಲಿ ಸ್ನಾಯುವನ್ನು ನೇರವಾಗಿ ಪ್ರಚೋದಿಸಿದರೆ ಅದು ಸಂಕುಚಿಸುತ್ತದೆ, ನರದ ಮೂಲಕ ಪ್ರಚೋದಿಸಿದರೆ ಸಂಕುಚಿಸುವುದಿಲ್ಲ ಎಂದು ತೋರಿಸಿದ್ದ. ನರದ ಆಜ್ಞೆ ಸ್ನಾಯುವಿಗೆ ದಾಟುತ್ತಿಲ್ಲ ಎಂದಾಯಿತು. 1936ರ ಹೊತ್ತಿಗೆ ಹೆನ್ರಿ ಡೇಲ್ ಮತ್ತು ಸಂಗಡಿಗರು ಆ ದಾಟುವಿಕೆಯ ಗುಟ್ಟನ್ನು ಬಿಡಿಸಿದರು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಎದುರಿನ ಸ್ನಾಯುವಿನ ಮೇಲಿರುವ ಗ್ರಾಹಕಗಳಲ್ಲಿ ಬೀಗಕ್ಕೆ ಬೀಗದ ಕೈಯಂತೆ ಕೂರುತ್ತದೆ. ಆಗ ಸ್ನಾಯು ಸಂಕುಚಿಸುತ್ತದೆ. ಮರುಕ್ಷಣವೇ ಒಂದು ಕಿಣ್ವ ಆ ರಾಸಾಯನಿಕವನ್ನು ಒಡೆದುಹಾಕುತ್ತದೆ.

ಇದಕ್ಕೆ ಎರಡು ವರ್ಷ ಮುಂಚೆಯೇ, 1934ರಲ್ಲಿ, ಗ್ರೀನಿಚ್‌ನ ಸೇಂಟ್ ಆಲ್ಫೆಜ್ ಆಸ್ಪತ್ರೆಯ ಕಿರಿಯ ವೈದ್ಯೆ ಮೇರಿ ವಾಕರ್ ಸರಳವಾಗಿ ತರ್ಕಿಸಿದ್ದರು: ಈ ರೋಗಿಯ ಸ್ಥಿತಿ ಕ್ಯುರಾರೆ ವಿಷವೇರಿದವರಂತೆ ಕಾಣುತ್ತದೆ; ಹಾಗಾದರೆ ಕ್ಯುರಾರೆಗೆ ಪ್ರತಿವಿಷವಾದ ಫೈಸೋಸ್ಟಿಗ್ಮಿನ್ನನ್ನು ಏಕೆ ಕೊಡಬಾರದು? ಪಶ್ಚಿಮ ಆಫ್ರಿಕದ ಕಲಾಬಾರ್ ಬೀಜದಿಂದ ಬರುವ ಆ ಔಷಧವನ್ನು ಚುಚ್ಚಿದ ಸ್ವಲ್ಪ ಹೊತ್ತಿಗೆ ಜೋತುಬಿದ್ದ ರೆಪ್ಪೆ ಮೇಲೆದ್ದಿತು. ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಿತು. ಆ ಔಷಧ ಒಡೆಯುವ ಕಿಣ್ವವನ್ನು ತಡೆದು ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ನನ್ನ ಸಹೋದ್ಯೋಗಿ ನುಂಗುತ್ತಿದ್ದ ಮಾತ್ರೆ ಅದೇ ಕುಲದ್ದು.

ಆದರೂ ದೇಹದಲ್ಲಿ ಈ ‘ಕ್ಯುರಾರೆ’ಯನ್ನು ಇಟ್ಟವರಾರು ಎಂಬುದು ಒಗಟಾಗಿಯೇ ಉಳಿಯಿತು. ರೋಗನಿರೋಧಕ ವ್ಯವಸ್ಥೆ ತನ್ನ ದೇಹವನ್ನೇ ಹಾನಿಗೊಳಿಸಲು ಹೇಸುತ್ತದೆ ಎಂಬ ಪಾಲ್ ಎರ್ಲಿಶ್‌ನ ಅಭಿಪ್ರಾಯ ಇಪ್ಪತ್ತನೆಯ ಶತಮಾನದ ಆರಂಭದಿಂದ ಬಹುಕಾಲ ಪ್ರಭಾವ ಬೀರಿತ್ತು. 1956ರಲ್ಲಿ ಥೈರಾಯಿಡ್ ರೋಗಿಗಳ ರಕ್ತದಲ್ಲಿ ಅವರದೇ ಗ್ರಂಥಿಯ ವಿರುದ್ಧದ ಪ್ರತಿಕಾಯಗಳು ಸಿಕ್ಕ ಮೇಲೆ ಆ ನಂಬಿಕೆ ಅಲುಗಿತು. 1960ರಲ್ಲಿ ಸ್ಕಾಟ್ಲೆಂಡಿನ ನರವೈದ್ಯ ಜಾನ್ ಸಿಂಪ್ಸನ್ ಹೊಸ ಊಹೆಯೊಂದನ್ನು ಮಂಡಿಸಿದರು. ಈ ರೋಗಿಗಳಲ್ಲಿ ಎದೆಯೊಳಗಿನ ಥೈಮಸ್ ಗ್ರಂಥಿ ಅಸಹಜವಾಗಿರುವುದು, ಥೈರಾಯಿಡ್ ತೊಂದರೆ ಜೊತೆಗೂಡುವುದು, ರೋಗಿ ತಾಯಿಗೆ ಹುಟ್ಟಿದ ಕೆಲವು ಶಿಶುಗಳಲ್ಲಿ ದೌರ್ಬಲ್ಯ ಕೆಲವು ವಾರವಿದ್ದು ತಾನೇ ಮಾಯವಾಗುವುದು, ಇವನ್ನೆಲ್ಲ ಕೂಡಿಸಿ, ಸ್ನಾಯುವಿನ ಗ್ರಾಹಕದ ವಿರುದ್ಧವೇ ಪ್ರತಿಕಾಯಗಳು ಹುಟ್ಟುತ್ತಿರಬೇಕು ಎಂದರು. ಆದರೆ ಗ್ರಾಹಕವನ್ನು ಆಗ ಯಾರೂ ಬೇರ್ಪಡಿಸಿ ಕಂಡಿರಲಿಲ್ಲ.

ಅದನ್ನು ಕಾಣಿಸಿಕೊಟ್ಟದ್ದು ಒಂದು ಹಾವು ಮತ್ತು ಒಂದು ಮೀನು. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ಅಲ್ಲಿನ ಕಟ್ಟುಹಾವಿನ ವಿಷದಿಂದ ಬಂಗಾರೊಟಾಕ್ಸಿನ್ ಎಂಬ ಅಂಶಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದು ಗ್ರಾಹಕಕ್ಕೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ನಾಗರಹಾವು ಕಚ್ಚಿದವರ ರೆಪ್ಪೆ ಜೋತುಬೀಳುವುದನ್ನು ಹಿರಿಯರು ಬಲ್ಲರು; ಆ ವಿಷವೂ ಹಿಡಿಯುವುದು ಇದೇ ಗ್ರಾಹಕವನ್ನು. ದಕ್ಷಿಣ ಅಮೆರಿಕದ ನದಿಗಳ ವಿದ್ಯುತ್ ಮೀನಿನ ದೇಹದಲ್ಲಿ ಈ ಗ್ರಾಹಕಗಳು ದಟ್ಟವಾಗಿವೆ. ಹಾವಿನ ವಿಷವನ್ನು ಗುರುತಾಗಿ ಬಳಸಿ ಮೀನಿನಿಂದ ಗ್ರಾಹಕವನ್ನು ಹೆಕ್ಕಿ ತೆಗೆಯುವುದು 1970ರ ಹೊತ್ತಿಗೆ ಸಾಧ್ಯವಾಯಿತು.

1973ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಆ ಶುದ್ಧ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದರು. ಗ್ರಾಹಕದ ಅಧ್ಯಯನಕ್ಕೆ ಪ್ರತಿಕಾಯಗಳನ್ನು ಪಡೆಯುವುದು ಅವರ ಉದ್ದೇಶವಾಗಿತ್ತು. ಎರಡನೆಯ ಚುಚ್ಚುಮದ್ದಿನ ಬಳಿಕ ಮೊಲಗಳು ಕೈಕಾಲು ಸೋತು ಬಿದ್ದವು. ಮೇರಿ ವಾಕರ್ ಬಳಸಿದ ಬಗೆಯ ಔಷಧ ಕೊಟ್ಟಾಗ ಚೇತರಿಸಿಕೊಂಡವು! ಮೀನಿನ ಗ್ರಾಹಕದ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಮೊಲದ ಸ್ವಂತ ಗ್ರಾಹಕವನ್ನೂ ಶತ್ರುವೆಂದು ಗುರುತಿಸಿದ್ದವು. ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಫ್ಯಾಂಬ್ರೋ, ಡ್ರಾಕ್‌ಮನ್ ಮತ್ತು ಸತ್ಯಮೂರ್ತಿ, ಹಾವಿನ ವಿಷದ ಅದೇ ಅಂಶವನ್ನು ಬಳಸಿ ರೋಗಿಗಳ ಸ್ನಾಯುವಿನ ಗ್ರಾಹಕಗಳನ್ನು ಎಣಿಸಿದರು. ಅವು ಆರೋಗ್ಯವಂತರಲ್ಲಿ ಇರುವುದರ ಶೇಕಡಾ 11ರಿಂದ 30ರಷ್ಟು ಮಾತ್ರ ಇದ್ದವು. 1975ರಲ್ಲಿ ರೋಗಿಗಳ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಕಾಯಿಲೆಯ ಲಕ್ಷಣಗಳು ಅವಕ್ಕೂ ದಾಟಿದವು. 1976ರಲ್ಲಿ 71 ರೋಗಿಗಳ ಪೈಕಿ ಶೇಕಡಾ 87 ಮಂದಿಯ ರಕ್ತದಲ್ಲಿ ಆ ಪ್ರತಿಕಾಯ ಪತ್ತೆಯಾಯಿತು.

ಪ್ರತಿಕಾಯಗಳ ಕೆಲಸ ಹೇಗೆ ನಡೆಯುತ್ತದೆ? ಅವುಗಳಲ್ಲಿ ಬಹುಪಾಲು ಬೀಗದ ಕಿಂಡಿಯನ್ನು ಮುಚ್ಚುವುದಿಲ್ಲ, ಗ್ರಾಹಕದ ಹೊರಮೈಯ ಬೇರೊಂದು ಭಾಗವನ್ನು ಹಿಡಿಯುತ್ತವೆ. ತಮ್ಮ ಎರಡು ತೋಳುಗಳಿಂದ ಎರಡು ಗ್ರಾಹಕಗಳನ್ನು ಜೋಡಿಸುತ್ತವೆ. ಜೀವಕೋಶ ಅವನ್ನು ಒಳಗೆಳೆದುಕೊಂಡು ಕರಗಿಸುತ್ತದೆ. ರಕ್ತದ ಇತರ ಪ್ರೋಟೀನುಗಳನ್ನು ಕರೆತಂದು ಸ್ನಾಯುವಿನ ಮೇಲ್ಪೊರೆಯನ್ನೂ ಕೆಡಿಸುತ್ತವೆ. ನರವು ಪದೇ ಪದೇ ಆಜ್ಞೆ ನೀಡುವಾಗ ಪ್ರತಿ ಸಲ ಹೊರಬೀಳುವ ಅಸಿಟೈಲ್‌ಕೋಲಿನ್ ಕಡಿಮೆಯಾಗುತ್ತಾ ಹೋಗುವುದು ಎಲ್ಲರಲ್ಲೂ ಸಹಜ. ನಮ್ಮಲ್ಲಿ ಗ್ರಾಹಕಗಳು ಧಾರಾಳವಾಗಿರುವುದರಿಂದ ಅದು ತಿಳಿಯುವುದಿಲ್ಲ. ಈ ರೋಗಿಗಳಿಗೆ ಆ ಉಳಿತಾಯವೇ ಇಲ್ಲ, ಬಳಸಿದಷ್ಟೂ ಸೋಲುತ್ತಾರೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪರೀಕ್ಷೆಯಲ್ಲಿ ಪ್ರತಿಕಾಯ ಕಾಣದ ಹತ್ತರಲ್ಲೊಬ್ಬರು ಮತ್ತೆ ಸಂಶಯದ ನೆರಳಿನಲ್ಲಿ ಉಳಿದರು. 2001ರಲ್ಲಿ ಆಕ್ಸ್‌ಫರ್ಡಿನ ಆಂಜೆಲಾ ವಿನ್ಸೆಂಟ್ ಮತ್ತು ಸಂಗಡಿಗರು ಅಂಥವರಲ್ಲಿ ಅನೇಕರ ಪ್ರತಿಕಾಯಗಳು ಮಸ್ಕ್ ಎಂಬ ಮತ್ತೊಂದು ಸ್ನಾಯು ಪ್ರೋಟೀನನ್ನು ಗುರಿಯಾಗಿಸಿವೆ ಎಂದು ಕಂಡುಹಿಡಿದರು. ಅವರ ರಕ್ತದಲ್ಲಿಯೂ ಕಾರಣವಿತ್ತು, ಹುಡುಕುವ ಉಪಕರಣ ಮಾತ್ರ ಇರಲಿಲ್ಲ.

ನಿಮ್ಮಲ್ಲಿ ಎಷ್ಟೋ ಮಂದಿ ಇಂದು ಶಿಕ್ಷಕರು, ಅಧಿಕಾರಿಗಳು, ಮನೆಯ ಯಜಮಾನ ಯಜಮಾನಿಯರು. ಈಗ ಮಾತ್ರೆಗಳಿವೆ, ರೋಗನಿರೋಧಕ ಶಕ್ತಿಯನ್ನು ಹತೋಟಿಗೆ ತರುವ ಔಷಧಗಳಿವೆ. ಥೈಮಸ್ ಗ್ರಂಥಿ ತೆಗೆಯುವುದರಿಂದ ಅನೇಕರಿಗೆ ಪ್ರಯೋಜನವಿದೆಯೆಂದು 2016ರ ದೊಡ್ಡ ಅಧ್ಯಯನವೊಂದು ಖಚಿತಪಡಿಸಿದೆ. ಆದರೆ ಚಿಕಿತ್ಸೆ ಆರಂಭವಾಗುವುದು ಯಾರಾದರೂ ನಂಬಿ ನರವೈದ್ಯರ ಬಳಿಗೆ ಕಳುಹಿಸಿದ ಮೇಲೆ. ಬೆಳಗ್ಗೆ ಸರಿಯಾಗಿದ್ದು ಸಂಜೆಗೆ ಸೋಲುವವರು ನಿಮ್ಮ ತರಗತಿಯಲ್ಲೋ ಕಚೇರಿಯಲ್ಲೋ ಕಂಡರೆ, ತೀರ್ಪು ಕೊಡುವ ಮುನ್ನ ಒಮ್ಮೆ ಸಂಜೆಯೂ ಅವರನ್ನು ನೋಡಿ.