ಹಿಮ ಕರಗಿದ ಮೇಲೆ ಬರುವ ಆಟ

ಯಾವ ಆಟಕ್ಕಾದರೂ ಮೊದಲು ಬೇಕಾದದ್ದು ಅಂಗಳ. ಊರಲ್ಲಿ ಚಿನ್ನಿದಾಂಡಿಗೋ ಲಗೋರಿಗೋ ದೇವಸ್ಥಾನದ ಮುಂದಿನ ಬಯಲು, ಕೊಯ್ಲಾದ ಗದ್ದೆ, ಏನಾದರೊಂದು ಸಿಗುತ್ತಿತ್ತು. ಹೊಟ್ಟೆಪಾಡಿಗಾಗಿ ಮಹಾನಗರಗಳಿಗೆ ಬಂದು ನೆಲೆಸಿದ ನಮ್ಮಂಥವರ ಮಕ್ಕಳು ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ, ಕಂಡವರ ಕಿಟಕಿಯ ಗಾಜಿಗೆ ಹೆದರುತ್ತ ಆಡಿ ಬೆಳೆಯುತ್ತಾರೆ. ಹಾಗಾಗಿ ‘ಈ ನೆಲ ಯಾರದು, ಇಲ್ಲಿ ಆಡಲು ನಮಗೇನು ಹಕ್ಕು?’ ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಸ್ವಂತದ್ದೆನ್ನಲು ಅಂಗುಲ ನೆಲವಿಲ್ಲದ ಆಟವೊಂದು ಅಮೆರಿಕದ ಹಿಮಬೆಟ್ಟಗಳಲ್ಲಿ ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಬಗೆಯನ್ನು ಇಲ್ಲಿ ನೋಡೋಣ.

ಆಟದ ಹೆಸರು ಡಿಸ್ಕ್ ಗಾಲ್ಫ್. ಲೆಕ್ಕಾಚಾರವೆಲ್ಲ ಗಾಲ್ಫಿನದೇ. ಚೆಂಡಿನ ಬದಲು ಗೇಣಗಲದ ಪ್ಲಾಸ್ಟಿಕ್ ತಟ್ಟೆ, ಕೋಲಿನ ಬದಲು ಬರಿಗೈ, ನೆಲದ ಗುಣಿಯ ಬದಲು ಕಂಬಕ್ಕೆ ಸಿಕ್ಕಿಸಿದ ಬುಟ್ಟಿ. ಬುಟ್ಟಿಯ ಮೇಲೆ ಸುತ್ತಲೂ ಸರಪಣಿಗಳು ತೂಗುತ್ತಿರುತ್ತವೆ. ಎಸೆದ ತಟ್ಟೆ ಸರಪಣಿಗೆ ಬಡಿದು, ಝಲ್ಲೆಂದು ಸದ್ದು ಮಾಡಿ ಬುಟ್ಟಿಗೆ ಬಿದ್ದರೆ ಒಂದು ಘಟ್ಟ ಮುಗಿಯಿತು. ಸಾಮಾನ್ಯವಾಗಿ ಇಂಥ 18 ಬುಟ್ಟಿಗಳು. ಎಲ್ಲವನ್ನೂ ಅತಿ ಕಡಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಈ ಆಟಕ್ಕೆ ಸ್ಕೀ ಬೆಟ್ಟದ ನಂಟು ಹೇಗೆ ಬಂತೆಂದು ತಿಳಿಯಲು ಬೆಟ್ಟದ ಕಥೆಯನ್ನೂ ತಟ್ಟೆಯ ಕಥೆಯನ್ನೂ ಬೇರೆ ಬೇರೆಯಾಗಿ ಹೇಳಬೇಕು.

ಮೊದಲು ಬೆಟ್ಟದ ಕಥೆ. ಕಾಲಿಗೆ ಮರದ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ವಿದ್ಯೆಯನ್ನು ಅಮೆರಿಕಕ್ಕೆ ಒಯ್ದವರು ನಾರ್ವೆ ಮೊದಲಾದ ದೇಶಗಳಿಂದ ವಲಸೆ ಹೋದ ಬಡ ರೈತರು, ಗಣಿ ಕೆಲಸಗಾರರು. ಅವರಲ್ಲಿ ಹೆಸರಾದವನು ‘ಸ್ನೋಷೂ’ ಥಾಂಪ್ಸನ್. ನಾರ್ವೆಯ ಟೆಲೆಮಾರ್ಕ್ ಸೀಮೆಯಲ್ಲಿ 1827ರಲ್ಲಿ ಹುಟ್ಟಿ, ಹತ್ತು ವರ್ಷದ ಬಾಲಕನಾಗಿ ಅಮೆರಿಕಕ್ಕೆ ಬಂದವನು. ಕ್ಯಾಲಿಫೋರ್ನಿಯಾದ ಪ್ಲಾಸರ್‌ವಿಲ್‌ನಿಂದ ಈಗಿನ ನೆವಾಡಾದ ಜಿನೋವಾಕ್ಕೆ ನಡುವೆ ಸಿಯೆರಾ ನೆವಾಡಾ ಪರ್ವತ. ಸುಮಾರು 90 ಮೈಲಿ ದಾರಿ. ಚಳಿಗಾಲದಲ್ಲಿ ಆಳೆತ್ತರದ ಹಿಮ ಬಿದ್ದು ಟಪಾಲು ನಿಂತುಹೋಗುತ್ತಿತ್ತು. 1856ರಲ್ಲಿ ಥಾಂಪ್ಸನ್ ತಾನೇ ಹಲಗೆ ಕೆತ್ತಿಕೊಂಡು, ಟಪಾಲಿನ ಚೀಲ ಬೆನ್ನಿಗೇರಿಸಿ ಹೊರಟ. ಹೋಗಲು ಮೂರು ದಿನ, ಬರಲು ಎರಡು ದಿನ. ಇಪ್ಪತ್ತು ಚಳಿಗಾಲ ಹೀಗೆ ದುಡಿದ. ಸರ್ಕಾರದಿಂದ ಸಲ್ಲಬೇಕಾದ ಹಣ ಕೇಳಲು ವಾಷಿಂಗ್ಟನ್ನಿನವರೆಗೂ ಹೋಗಿಬಂದ. ಹಣ ಮಾತ್ರ ಬರಲಿಲ್ಲ. 1876ರಲ್ಲಿ ತೀರಿಕೊಂಡ.

ಅಂದು ಟಪಾಲು ಹೊತ್ತ ಹಲಗೆಗಳು ಮುಂದೆ ಸಿರಿವಂತರ ವಿನೋದಕ್ಕೆ ಒದಗಿದವು. 1936ರ ಡಿಸೆಂಬರಿನಲ್ಲಿ ಐಡಾಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿ ಒಂದು ಸ್ಕೀ ವಿಹಾರಧಾಮವನ್ನು ತೆರೆಯಿತು. ಚಳಿಗಾಲದಲ್ಲೂ ರೈಲಿಗೆ ಪ್ರಯಾಣಿಕರು ಬರಲಿ ಎಂಬುದು ಕಂಪನಿಯ ಮುಖ್ಯಸ್ಥ ಆವೆರೆಲ್ ಹ್ಯಾರಿಮನ್‌ರ ಹವಣಿಕೆ. ಬೆಟ್ಟ ಹತ್ತುವ ಶ್ರಮ ತಪ್ಪಿಸಲು ಕಂಪನಿಯ ಎಂಜಿನಿಯರ್ ಜೇಮ್ಸ್ ಕರನ್ ಒಂದು ಉಪಾಯ ಮಾಡಿದರು. ಹಡಗಿಗೆ ಬಾಳೆಗೊನೆ ತುಂಬಲು ಗೊನೆಗಳನ್ನು ಕೊಕ್ಕೆಗೆ ಸಿಕ್ಕಿಸಿ, ಓಡುವ ಹಗ್ಗದ ಮೇಲೆ ಸಾಗಿಸುವ ಯಂತ್ರವನ್ನು ಅವರು ಬಲ್ಲವರಾಗಿದ್ದರು. ಗೊನೆಯ ಜಾಗದಲ್ಲಿ ಕುರ್ಚಿ ತೂಗುಹಾಕಿದರು. ಜಗತ್ತಿನ ಮೊದಲ ಚೇರ್ ಲಿಫ್ಟ್ ಹುಟ್ಟಿದ್ದು ಹೀಗೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಥ ಧಾಮಗಳು ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿದವು. ಜಾರುದಾರಿಗಾಗಿ ಕಾಡನ್ನು ಮೇಲಿಂದ ಕೆಳಗಿನವರೆಗೆ ಪಟ್ಟೆಪಟ್ಟೆಯಾಗಿ ಕಡಿದರು.

ಆದರೆ ಹಿಮ ಇರುವುದು ವರ್ಷಕ್ಕೆ ನಾಲ್ಕೈದು ತಿಂಗಳು. ಅದು ಕರಗಿತೆಂದರೆ ಲಿಫ್ಟಿನ ಕುರ್ಚಿಗಳು ಗಾಳಿಗೆ ತೂಗುತ್ತ ನಿಲ್ಲುತ್ತವೆ. ಹೋಟೆಲಿಗೆ ಬೀಗ ಬೀಳುತ್ತದೆ. ಲಿಫ್ಟ್ ನಡೆಸುವವನು, ಅಡಿಗೆಯವನು, ಕೋಣೆ ಗುಡಿಸುವವಳು ಬೇರೆ ಊರಿನಲ್ಲಿ ಬೇರೆ ಕೆಲಸ ಹುಡುಕಬೇಕು. ಬೇಸಿಗೆಯಲ್ಲಿ ಬೆಟ್ಟಕ್ಕೆ ಯಾವ ಕೆಲಸ ಕೊಡುವುದೆಂಬುದು ಈ ಕಸುಬಿನ ಹಳೆಯ ಚಿಂತೆ.

ಇನ್ನು ತಟ್ಟೆಯ ಕಥೆ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್ ಪಟ್ಟಣದಲ್ಲಿ 1871ರಿಂದ ಫ್ರಿಸ್ಬಿ ಎಂಬ ಮನೆತನದ ಬೇಕರಿ ಇತ್ತು. ಅಲ್ಲಿ ‘ಪೈ’ ಎಂಬ ತಿನಿಸನ್ನು ತಗಡಿನ ತಟ್ಟೆಯಲ್ಲಿಟ್ಟು ಮಾರುತ್ತಿದ್ದರು. ತಿಂದು ಮುಗಿಸಿದ ಮೇಲೆ ಯೇಲ್ ವಿಶ್ವವಿದ್ಯಾಲಯದ ಹುಡುಗರು ಆ ಖಾಲಿ ತಟ್ಟೆಗಳನ್ನು ಎಸೆದಾಡುತ್ತಿದ್ದರೆಂದು ಪ್ರತೀತಿ. ಕೆನಡಾದ ಸಸ್ಕಾಚೆವಾನ್ ಪ್ರಾಂತದ ಬ್ಲಾಡ್‌ವರ್ತ್ ಎಂಬ ಹಳ್ಳಿಯಲ್ಲಿ 1926ರಲ್ಲೇ ಶಾಲೆಯ ಮಕ್ಕಳು ಡಬ್ಬಿಯ ಮುಚ್ಚಳಗಳನ್ನು ಗುರಿಯಿಟ್ಟು ಎಸೆದು ‘ತಗಡುಮುಚ್ಚಳದ ಗಾಲ್ಫ್’ ಆಡಿದ್ದುಂಟು. ದುಡ್ಡಿಲ್ಲದ ಕಡೆ ಮಕ್ಕಳು ಕೈಗೆ ಸಿಕ್ಕಿದ್ದನ್ನೇ ಆಟಿಕೆ ಮಾಡಿಕೊಳ್ಳುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ.

ಈ ಎಸೆದಾಟ ವ್ಯಾಪಾರವಾದದ್ದು ಫ್ರೆಡ್ ಮಾರಿಸನ್‌ರಿಂದ. 1930ರ ದಶಕದ ಕೊನೆಯಲ್ಲಿ ಅವರು ತಮ್ಮ ಗೆಳತಿ, ಮುಂದೆ ಹೆಂಡತಿಯಾದ ಲುಸೀಲ್ ಜೊತೆ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಕೇಕಿನ ತಟ್ಟೆ ಎಸೆದು ಆಡುತ್ತಿದ್ದಾಗ, ದಾರಿಹೋಕನೊಬ್ಬ ಅದಕ್ಕೆ 25 ಸೆಂಟ್ ಕೊಡುವೆನೆಂದ. ಅಂಗಡಿಯಲ್ಲಿ ಅದರ ಬೆಲೆ ಐದು ಸೆಂಟ್! ಲಾಭ ಎಲ್ಲಿದೆಯೆಂದು ಮಾರಿಸನ್‌ಗೆ ಹೊಳೆಯಿತು. ಯುದ್ಧದಲ್ಲಿ ವಿಮಾನ ಹಾರಿಸಿ, ಜರ್ಮನರ ಕೈಯಲ್ಲಿ ಸೆರೆಯಾಗಿ, ಬಿಡುಗಡೆಯಾಗಿ ಬಂದ ಮೇಲೆ 1948ರಲ್ಲಿ ವಾರೆನ್ ಫ್ರಾನ್ಸಿಯೋನಿ ಎಂಬುವರ ಜೊತೆ ಸೇರಿ ಪ್ಲಾಸ್ಟಿಕ್ ತಟ್ಟೆ ಮಾಡಿದರು. ಆಕಾಶದಲ್ಲಿ ಹಾರುವ ತಟ್ಟೆ ಕಂಡೆವೆಂದು ಅಮೆರಿಕದಲ್ಲಿ ಊರೆಲ್ಲ ಮಾತಾಡುತ್ತಿದ್ದ ಕಾಲವದು. 1957ರಲ್ಲಿ ವ್ಯಾಮ್-ಓ ಕಂಪನಿ ಮಾರಿಸನ್‌ರ ತಟ್ಟೆಯ ಹಕ್ಕನ್ನು ಕೊಂಡು, ಹಳೆಯ ಬೇಕರಿಯ ಹೆಸರನ್ನೇ ಕೊಂಚ ತಿರುಚಿ ‘ಫ್ರಿಸ್ಬೀ’ ಎಂದು ಕರೆಯಿತು.

ಅದೇ ಕಂಪನಿಗೆ 1964ರಲ್ಲಿ ಸೇರಿದ ಎಡ್ ಹೆಡ್ರಿಕ್ ತಟ್ಟೆಯ ಬೆನ್ನ ಮೇಲೆ ಸಣ್ಣ ಸಣ್ಣ ಉಂಗುರಗೆರೆ ಮೂಡಿಸಿ, ಅದು ಹೊಯ್ದಾಡದೆ ಹಾರುವಂತೆ ಮಾಡಿದರು. 1967ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1975ರಲ್ಲಿ ಲಾಸ್ ಏಂಜಲೀಸ್ ಬಳಿಯ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಡಿಸ್ಕ್ ಗಾಲ್ಫ್ ಅಂಗಳ ಸಿದ್ಧವಾಯಿತು. ಅಲ್ಲಿ ಗುರಿಯೆಂದರೆ ಬರಿಯ ಕಂಬ. ತಟ್ಟೆ ಕಂಬಕ್ಕೆ ತಾಗಿತೋ ಇಲ್ಲವೋ ಎಂದು ಜಗಳ ಹತ್ತುತ್ತಿತ್ತು. ಜಗಳ ತಪ್ಪಿಸಲೆಂದು ಹೆಡ್ರಿಕ್ ಸರಪಣಿ ತೂಗಿದ ಬುಟ್ಟಿಯನ್ನು ಕಂಡುಹಿಡಿದರು. 1977ರಲ್ಲಿ ಅದಕ್ಕೂ ಪೇಟೆಂಟ್ ಬಂತು. ನಡುವೆ 1976ರಲ್ಲಿ ಆಟಗಾರರ ವೃತ್ತಿಸಂಘವನ್ನೂ ಕಟ್ಟಿದರು. 2002ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮದ ಒಂದು ಪಾಲನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ತಟ್ಟೆಗಳನ್ನು ಎರಕ ಹೊಯ್ದರು. ಒಲಿದ ಕಸುಬಿನಲ್ಲಿ ಹೀಗೆ ಲೀನವಾದವರು ವಿರಳ. 1983ರಲ್ಲಿ ಡೇವ್ ಡ್ಯುನಿಪೇಸ್ ತಟ್ಟೆಯ ಅಂಚನ್ನು ಚೂಪಾಗಿ ಇಳಿಜಾರು ಮಾಡಿದ ಮೇಲೆ ಅದು ಗಾಳಿಯನ್ನು ಸೀಳಿಕೊಂಡು ಬಹುದೂರ ಹಾರತೊಡಗಿತು. ದೂರ ಹಾರುವ ತಟ್ಟೆಗೆ ವಿಶಾಲವಾದ ಜಾಗ ಬೇಕಾಯಿತು. ವಿಶಾಲವಾದ ಜಾಗ ಬೆಟ್ಟದಲ್ಲಿ ಬೇಸಿಗೆಯೆಲ್ಲ ಖಾಲಿ ಬಿದ್ದಿತ್ತು.

ಬೆಟ್ಟದ ಮೇಲೆ ಆಟದ ಸ್ವಭಾವವೇ ಬದಲಾಗುತ್ತದೆ. ಚಳಿಗಾಲದ ಜಾರುದಾರಿಯೇ ಆಟದ ಓಣಿ. ಎರಡು ಕಡೆಯೂ ಕಾಡಿನ ಗೋಡೆ. ಇಳಿಜಾರಿಗೆ ಎಸೆದ ತಟ್ಟೆ ನೆಲ ಮುಟ್ಟಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದರಿಂದ ಬಲು ದೂರ ಹೋಗುತ್ತದೆ. ಅಷ್ಟೇ ಹೊತ್ತು ಗಾಳಿಯ ಕೈಗೂ ಸಿಕ್ಕಿ ದಾರಿ ತಪ್ಪುತ್ತದೆ. ಯೂಟಾದ ಸಾಲ್ಟ್ ಲೇಕ್ ನಗರದ ಬಳಿಯ ಸಾಲಿಟ್ಯೂಡ್ ಎಂಬ ಸ್ಕೀ ಧಾಮದ ಬುಡವೇ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಐದರಲ್ಲೊಂದು ಪಾಲು ಕಡಮೆ. ತೆಳುಗಾಳಿ ತಟ್ಟೆಯನ್ನು ಎತ್ತಿಹಿಡಿಯುವುದೂ ಕಡಮೆ, ತಡೆಯುವುದೂ ಕಡಮೆ. ಬಯಲಿನಲ್ಲಿ ನೆಟ್ಟಗೆ ಹಾರಿ ಕೊನೆಯಲ್ಲಷ್ಟೇ ವಾಲುವ ತಟ್ಟೆ ಇಲ್ಲಿ ಮುಂಚೆಯೇ ವಾಲುತ್ತದೆ. ಕೆಳಗೆ ಬಿದ್ದದ್ದು ಅಂಚಿನ ಮೇಲೆ ನಿಂತಿತೋ, ಬಂಡಿಚಕ್ರದಂತೆ ಉರುಳುತ್ತ ಹೊರಟೇಬಿಟ್ಟಿತು! ಬುಟ್ಟಿಯ ಪಕ್ಕದಲ್ಲಿದ್ದವನು ತನ್ನ ತಟ್ಟೆಗಾಗಿ ಬೆಟ್ಟವಿಳಿದು ಮತ್ತೆ ಏದುಸಿರು ಬಿಡುತ್ತ ಹತ್ತಿಬರಬೇಕು.

ಇಷ್ಟು ಆಟದ ಮಾತು. ನಮ್ಮ ಗಮನ ಸೆಳೆದದ್ದು ಇದರ ಹಿಂದಿನ ಕಾನೂನು. ಅಮೆರಿಕದ ಪಶ್ಚಿಮ ಭಾಗದ ದೊಡ್ಡ ಸ್ಕೀ ಧಾಮಗಳಲ್ಲಿ ಬಹಳಷ್ಟು ತಮ್ಮ ಬೆಟ್ಟಕ್ಕೆ ತಾವೇ ಒಡೆಯರಲ್ಲ. ಬೆಟ್ಟ ರಾಷ್ಟ್ರೀಯ ಅರಣ್ಯದ್ದು. ಧಾಮದವರು ಬಾಡಿಗೆಗೆ ಇರುವವರು. ಇಂಥ ಧಾಮಗಳು ಸುಮಾರು 120 ಇವೆ. 1986ರ ಕಾನೂನು ಅವರಿಗೆ ಸಾಮಾನ್ಯವಾಗಿ 40 ವರ್ಷಗಳ ಪರವಾನಗಿ ಕೊಟ್ಟಿತಾದರೂ ಅದರಲ್ಲಿ ಹೇಳಿದ್ದು ಸ್ಕೀಯಿಂಗ್ ಒಂದನ್ನೇ. ಬೇಸಿಗೆಯಲ್ಲಿ ಏನು ಮಾಡಬಹುದೆಂಬುದು ಅಸ್ಪಷ್ಟವಾಗಿತ್ತು. 2011ರ ನವೆಂಬರಿನಲ್ಲಿ ಅಧ್ಯಕ್ಷ ಒಬಾಮಾ ಸಹಿ ಹಾಕಿದ ಹೊಸ ಕಾನೂನು ಈ ಗಂಟನ್ನು ಬಿಡಿಸಿತು. ಸಲ್ಲುವ ಆಟಗಳದೊಂದು ಪಟ್ಟಿ, ಸಲ್ಲದವುಗಳದೊಂದು ಪಟ್ಟಿ. ಬೆಟ್ಟದ ಸೈಕಲ್ ದಾರಿ, ಹಗ್ಗದ ಮೇಲಿನ ಸಾಹಸಗಳ ಜೊತೆಗೆ ಫ್ರಿಸ್ಬೀ ಗಾಲ್ಫ್ ಸಲ್ಲುವ ಪಟ್ಟಿಯಲ್ಲಿ ಹೆಸರು ಹಿಡಿದೇ ಬಂತು. ಟೆನಿಸ್ ಅಂಗಳ, ಈಜುಕೊಳ, ನೀರಾಟದ ಉದ್ಯಾನ, ಮನರಂಜನಾ ಉದ್ಯಾನ, ಇವುಗಳ ಜೊತೆಗೆ ಸಲ್ಲದ ಪಟ್ಟಿಯಲ್ಲಿ ಬಂದದ್ದು ಗಾಲ್ಫ್!

ರಾಜರೂ ರಾಷ್ಟ್ರಾಧ್ಯಕ್ಷರೂ ಆಡಿದ, ಶತಮಾನಗಳ ಹಿರಿಮೆಯ ಆಟವನ್ನು ಬಾಗಿಲಲ್ಲೇ ತಡೆದು, ಕೇಕಿನ ತಟ್ಟೆಯಿಂದ ಹುಟ್ಟಿದ ಪೋರ ಆಟವನ್ನು ಒಳಗೆ ಬಿಟ್ಟದ್ದೇಕೆ? ಕಾನೂನು ಕೇಳುವುದು ನೇರವಾದ ಪ್ರಶ್ನೆಗಳನ್ನು: ಬೇಸಿಗೆಯ ಆಟ ನಿಸರ್ಗದ ಆನಂದವನ್ನು ಹೆಚ್ಚಿಸುತ್ತದೆಯೇ? ಸಾಧ್ಯವಾದಮಟ್ಟಿಗೆ ಸುತ್ತಲಿನ ನಿಸರ್ಗಕ್ಕೆ ಹೊಂದಿಕೊಳ್ಳುತ್ತದೆಯೇ? ಬೆಟ್ಟದ ಮೊದಲ ಉದ್ದೇಶ ಸ್ಕೀಯಿಂಗಾಗಿಯೇ ಉಳಿಯುತ್ತದೆಯೇ? ಗಾಲ್ಫ್ ಬಂದರೆ ನೆಲ ಸಮ ಮಾಡಬೇಕು, ಹುಲ್ಲು ಬೆಳೆಸಬೇಕು, ಅದಕ್ಕೆ ನೀರು, ಗೊಬ್ಬರ, ಕೀಟನಾಶಕ ಎಲ್ಲವೂ ಬೇಕು. ಸಾಲಿಟ್ಯೂಡ್ ಇರುವ ಕಣಿವೆಯ ನೀರನ್ನು ಸಾಲ್ಟ್ ಲೇಕ್ ನಗರ ಕುಡಿಯುತ್ತದೆ. ನೀರು ಕೆಟ್ಟೀತೆಂದು ಅಲ್ಲಿಗೆ ನಾಯಿಯನ್ನು ಕರೆದೊಯ್ಯುವುದನ್ನೂ ನಿಷೇಧಿಸಿದ್ದಾರೆ. ಇಂಥ ಕಡೆ ತಟ್ಟೆಯ ಆಟ ಕೇಳುವುದು ಹದಿನೆಂಟು ಕಂಬಗಳಿಗೆ ಜಾಗ, ನಿಂತು ಎಸೆಯಲು ಹದಿನೆಂಟು ಜಗಲಿ, ಇಷ್ಟನ್ನೇ. ಕೊಯ್ಲಾದ ಗದ್ದೆಯಲ್ಲಿ ಆಡುವ ಮಕ್ಕಳು ಬದು ಒಡೆಯದಿದ್ದರೆ ಗದ್ದೆಯ ಯಜಮಾನ ಬೈಯುವುದಿಲ್ಲ, ಇದೂ ಹಾಗೆಯೇ.

ಹಾಗೆಂದು ಈ ಆಟದಿಂದ ಬೆಟ್ಟಕ್ಕೆ ಏನೂ ಆಗದೆಂದು ಹೇಳಲಾಗದು. ವೇಗವಾಗಿ ಬಂದ ತಟ್ಟೆ ಪದೇ ಪದೇ ಬಡಿದರೆ ಮರದ ತೊಗಟೆ ಸುಲಿಯುತ್ತದೆ. ನೂರಾರು ಜನ ಒಂದೇ ಇಳಿಜಾರಿನಲ್ಲಿ ತುಳಿದರೆ ಹುಲ್ಲು ಸತ್ತು, ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಬುಟ್ಟಿಗಳ ಜಾಗವನ್ನು ಆಗಾಗ ಬದಲಿಸುವುದು, ದಾರಿಗೆ ಮರದ ಸಿಪ್ಪೆ ಹರಡುವುದು ಆಟದವರ ಹೊಣೆ. ಕಾಡು ಕಡಿದು ಆ ದಾರಿಗಳನ್ನು ಮಾಡಿದ ಪಾಪ ಇದರದ್ದಲ್ಲ. ಇದ್ದ ಗಾಯವನ್ನು ದೊಡ್ಡದು ಮಾಡದಿರುವುದು ಮಾತ್ರ ಇದರ ಕರ್ತವ್ಯ. ಚಳಿಗಾಲಗಳು ಬೆಚ್ಚಗಾಗಿ ಹಿಮದ ನಂಬಿಕೆ ತಪ್ಪುತ್ತಿರುವ ಈ ದಿನಗಳಲ್ಲಿ ಬೆಟ್ಟದೂರಿನ ದುಡಿಯುವವರಿಗೆ ಬೇಸಿಗೆಯ ಸಂಪಾದನೆ ಇನ್ನಷ್ಟು ಮುಖ್ಯ. ಸರ್ಕಾರ 2011ರಲ್ಲಿ ಬಾಗಿಲು ತೆರೆದದ್ದಕ್ಕೆ ವರ್ಷಪೂರ್ತಿ ಕೆಲಸ ಸಿಗಲೆಂಬುದೂ ಒಂದು ಕಾರಣ.

ಬಾಡಿಗೆಗೆ ಬಂದವನೇ ಮನೆಗೆ ಹೆಸರು ತಂದ ಉದಾಹರಣೆಯೂ ಉಂಟು. ಪೂರ್ವದ ವರ್ಮಾಂಟ್ ರಾಜ್ಯದಲ್ಲಿ ಸ್ಮಗ್ಲರ್ಸ್ ನಾಚ್ ಎಂಬ ಸ್ಕೀ ಧಾಮವಿದೆ. ಹೆಸರಿನ ಅರ್ಥ ‘ಕಳ್ಳಸಾಗಣೆಯವರ ಕಣಿವೆ’. 1807ರಲ್ಲಿ ಅಧ್ಯಕ್ಷ ಜೆಫರ್ಸನ್‌ರ ಸರ್ಕಾರ ಹೊರದೇಶದ ವ್ಯಾಪಾರವನ್ನು ನಿರ್ಬಂಧಿಸಿದಾಗ ಅಲ್ಲಿಯ ರೈತರು ದನಕರು, ಸರಕುಗಳನ್ನು ಈ ಕಣಿವೆಯಲ್ಲಿ ಗುಟ್ಟಾಗಿ ಕೆನಡಾಕ್ಕೆ ದಾಟಿಸುತ್ತಿದ್ದರು. ಅಲ್ಲೀಗ ಎರಡು ಡಿಸ್ಕ್ ಗಾಲ್ಫ್ ಅಂಗಳಗಳಿವೆ. ಒಂದು ಕಾಡಿನಲ್ಲಿ, ಇನ್ನೊಂದು ಹುಲ್ಲುಗಾವಲಿನಲ್ಲಿ. 2018ರಲ್ಲಿ ವೃತ್ತಿಪರರ ವಿಶ್ವ ಚಾಂಪಿಯನ್‌ಷಿಪ್ ಅಲ್ಲೇ ನಡೆಯಿತು. 2023ರಲ್ಲಿ ಮತ್ತೊಮ್ಮೆ ಬಂತು. ಆ ಸಲ ಮಹಿಳೆಯರಲ್ಲಿ ಗೆದ್ದವರು ಪುಟ್ಟ ಎಸ್ಟೋನಿಯಾ ದೇಶದ ಕ್ರಿಸ್ಟಿನ್ ಟಟ್ಟರ್.

ಪರಸ್ಥಳದಲ್ಲಿ ಬಾಳು ಕಟ್ಟಿಕೊಂಡ ನಮಗೆ ಈ ಇತಿಹಾಸದಲ್ಲಿ ಒಂದು ಪರಿಚಿತ ಎಳೆ ಕಾಣುತ್ತದೆ. ತಡವಾಗಿ ಬಂದವರಿಗೆ ನೆಲದ ಮೇಲಿನ ಹಕ್ಕು ಪತ್ರದಿಂದ ಬರುವುದು ಕಡಮೆ. ಇದ್ದಷ್ಟು ದಿನ ಆ ನೆಲವನ್ನು ಹೇಗೆ ನೋಡಿಕೊಂಡರು ಎಂಬುದರಿಂದ ಬರುವುದೇ ಹೆಚ್ಚು. ಜಗತ್ತಿನಲ್ಲಿ ಇಂದು ಹದಿನೈದು ಸಾವಿರಕ್ಕೂ ಹೆಚ್ಚು ಡಿಸ್ಕ್ ಗಾಲ್ಫ್ ಅಂಗಳಗಳಿವೆ. ಬಹುಪಾಲು ಕಡೆ ಆಡಲು ಕಾಸಿಲ್ಲ. ನಮ್ಮ ಸಂಘದ ಮುಂದಿನ ವನಭೋಜನಕ್ಕೆ ಹೊರಡುವಾಗ ನಾಲ್ಕು ಪ್ಲಾಸ್ಟಿಕ್ ತಟ್ಟೆ, ಎರಡು ಬಿದಿರ ಬುಟ್ಟಿ ಜೊತೆಗಿರಲಿ. ಊಟ ಮುಗಿದ ಮೇಲೆ ಹಿರಿಯರೂ ಕಿರಿಯರೂ ಒಂದೊಂದು ಕೈ ನೋಡಬಹುದು. ಹೊರಡುವ ಮುನ್ನ ಎಲೆ, ಕಾಗದ ಎಲ್ಲ ಆಯ್ದು ತೆಗೆದುಬಿಟ್ಟರೆ, ಮುಂದಿನ ವರ್ಷವೂ ಅಲ್ಲಿಗೇ ಹೋಗಬಹುದು.