ಪ್ರದರ್ಶನಕ್ಕೆ ಮುನ್ನ ಗುಂಪಿನ ಊಟ: ಮೊದಲು ಸಿಗ್ನಲ್ ದಾಟಿ, ಆಮೇಲೆ ಮೇಜು ಹಿಡಿಯಿರಿ

ಬೆಂಗಳೂರು: ಹನ್ನೆರಡು ಮಂದಿ ಸಹೋದ್ಯೋಗಿಗಳು, ಸಂಜೆ 7.30ರ ನಾಟಕ, ಅದಕ್ಕೆ ಮುನ್ನ ಒಟ್ಟಿಗೆ ಊಟ. ಕೇಳಲು ಸರಳವಾದ ಈ ಯೋಜನೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಅಥವಾ ಪೀಣ್ಯದಿಂದ ಹೊರಡುವವರ ಪಾಲಿಗೆ ಸಣ್ಣ ಪರೀಕ್ಷೆಯೇ ಸರಿ. ಕಚೇರಿಯ ಪಕ್ಕದ ಹೋಟೆಲಿನಲ್ಲಿ ನೆಮ್ಮದಿಯಾಗಿ ಉಂಡು ಹೊರಟ ಗುಂಪು ಸಿಲ್ಕ್ ಬೋರ್ಡ್‌ನಲ್ಲೋ, ಕೆ.ಆರ್. ಪುರದಲ್ಲೋ, ಗೊರಗುಂಟೆಪಾಳ್ಯದಲ್ಲೋ ಸಿಲುಕಿ, ರಂಗಮಂದಿರದ ಬಾಗಿಲು ಮುಚ್ಚಿದ ಮೇಲೆ ತಲುಪುವ ಸಾಧ್ಯತೆ ಸದಾ ಇರುತ್ತದೆ.

ಹೋಟೆಲು ಆಯ್ಕೆ ಮಾಡುವಾಗ ಹೆಚ್ಚಿನವರು ಮೊದಲು ನೋಡುವುದು ರುಚಿ ಮತ್ತು ದರವನ್ನು. ನಗರದ ಹೊರವಲಯದಿಂದ ಬರುವವರು ಮೊದಲು ನೋಡಬೇಕಾದದ್ದು ದಿಕ್ಕನ್ನು. ಹೋಟೆಲು ಕಚೇರಿಯ ಕಡೆಗಿರಬಾರದು, ಪ್ರದರ್ಶನದ ಕಡೆಗಿರಬೇಕು. ದಟ್ಟಣೆಯನ್ನು ದಾಟಿದ ಮೇಲೆ ಕುಳಿತು ಉಂಡರೆ, ಮುಂದೆ ಉಳಿಯುವುದು ನಡಿಗೆಯ ಅಥವಾ ಆಟೊದ ಹಾದಿ ಮಾತ್ರ. ದಾಟುವ ಮೊದಲೇ ಉಂಡರೆ ಊಟದ ಪ್ರತಿ ತುತ್ತೂ ಗಡಿಯಾರ ನೋಡುತ್ತಲೇ ಇಳಿಯಬೇಕಾಗುತ್ತದೆ.

ಬಾಗಿಲು ಯಾರಿಗೂ ಕಾಯುವುದಿಲ್ಲ

ಜೆ.ಪಿ. ನಗರ 2ನೇ ಹಂತದ ರಂಗಶಂಕರ ಇದಕ್ಕೆ ಉತ್ತಮ ನಿದರ್ಶನ. ನಟ, ನಿರ್ದೇಶಕ ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಈ ರಂಗಮಂದಿರ 2004ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಸಮಯಪಾಲನೆ ಇಲ್ಲಿಯ ಹೆಗ್ಗುರುತು. ನಾಟಕ ಶುರುವಾದ ಮೇಲೆ ಬಂದವರು ಟಿಕೆಟ್ ಕೈಯಲ್ಲಿ ಹಿಡಿದಿದ್ದರೂ ಒಳಗೆ ಹೋಗುವಂತಿಲ್ಲ. ಚಿತ್ರಮಂದಿರದಲ್ಲಿ ಹತ್ತು ನಿಮಿಷ ತಡವಾದರೆ ತಪ್ಪುವುದು ಜಾಹೀರಾತು. ಇಲ್ಲಿ ತಪ್ಪುವುದು ಇಡೀ ನಾಟಕ. ಗುಂಪಿನಲ್ಲಿ ಒಂದು ಕಾರು ತಡವಾದರೂ ಅದರಲ್ಲಿದ್ದ ನಾಲ್ವರು ಹೊರಗೇ ಉಳಿಯುತ್ತಾರೆ.

ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕುವುದು ಜಾಣತನ. ಪ್ರದರ್ಶನ 7.30ಕ್ಕೆ ಎಂದಾದರೆ 7.10ಕ್ಕೆ ಆವರಣದಲ್ಲಿರಬೇಕು. ಹೋಟೆಲಿನಿಂದ ಅಲ್ಲಿಗೆ 15 ನಿಮಿಷ, ಬಿಲ್ಲು ತರಿಸಿ ಹಣ ಕೊಟ್ಟು ಎಲ್ಲರೂ ಕೈತೊಳೆದು ಏಳಲು ಇನ್ನು 15 ನಿಮಿಷ ಬೇಕು. ಅಂದರೆ 6.40ಕ್ಕೆ ಊಟ ಮುಗಿದಿರಬೇಕು. ಹನ್ನೆರಡು ಮಂದಿಯ ಮೇಜಿಗೆ ಕನಿಷ್ಠ ಒಂದು ಗಂಟೆ ಎಂದರೂ 5.40ಕ್ಕೆ ಕುಳಿತಿರಬೇಕು. ಅಷ್ಟು ಹೊತ್ತಿಗೆ ಅಲ್ಲಿರಲು ಕಚೇರಿಯಿಂದ ನಾಲ್ಕು ಗಂಟೆಯ ಸುಮಾರಿಗೇ ಹೊರಡಬೇಕು.

ವಾರದ ದಿನಗಳಲ್ಲಿ ಇದು ಎಲ್ಲರಿಗೂ ಸಾಧ್ಯವಿಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ಮೊದಲ ಪಾಳಿ ಮಧ್ಯಾಹ್ನವೇ ಮುಗಿಯುವುದರಿಂದ ಆ ಪಾಳಿಯವರಿಗೆ ಸಾಕಷ್ಟು ಬಿಡುವಿರುತ್ತದೆ. ಐಟಿ ಕಂಪನಿಗಳಲ್ಲಿ ಅಮೆರಿಕದ ಗ್ರಾಹಕರೊಂದಿಗಿನ ಕರೆಗಳು ಶುರುವಾಗುವುದೇ ಸಂಜೆಗೆ. ನಾಲ್ಕು ಗಂಟೆಗೆ ಹೊರಡಲು ಒಪ್ಪದ ಗುಂಪಿಗೆ ಇರುವ ಸರಿಯಾದ ದಾರಿ ಎಂದರೆ ಪ್ರದರ್ಶನಕ್ಕೆ ಮುನ್ನ ತಿಂಡಿ, ನಂತರ ಊಟ. ನಾಟಕ ಮುಗಿಸಿ ರಾತ್ರಿ ಊಟ ಮಾಡುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ.

ಲಂಡನ್‌ನ ವೆಸ್ಟ್ ಎಂಡ್ ರಂಗಮಂದಿರಗಳ ಸುತ್ತಲಿನ ಅನೇಕ ಹೋಟೆಲುಗಳು ಇದಕ್ಕಾಗಿಯೇ ಸಂಜೆ ನಿಗದಿತ ದರದ, ಎರಡು ಮೂರು ಬಗೆಯ ಚಿಕ್ಕ ಊಟ ಇಟ್ಟಿರುತ್ತವೆ. ಗಿರಾಕಿ ಎಷ್ಟು ಗಂಟೆಗೆ ಏಳಬೇಕೆಂಬುದು ಬಡಿಸುವವರಿಗೆ ಮೊದಲೇ ಗೊತ್ತಿರುತ್ತದೆ. ಬೆಂಗಳೂರಿನಲ್ಲಿ ಅಂಥ ಪದ್ಧತಿ ಬೆಳೆದಿಲ್ಲ. ಆದರೆ ನಮ್ಮ ತಟ್ಟೆ ಊಟ ಅದೇ ಕೆಲಸ ಮಾಡಬಲ್ಲದು.

ಯಾವ ಕಡೆಯವರು ಎಲ್ಲಿ ಉಣ್ಣಬಹುದು?

ಎಲೆಕ್ಟ್ರಾನಿಕ್ ಸಿಟಿ: 2010ರ ಜನವರಿಯಲ್ಲಿ ಮೇಲ್ಸೇತುವೆ ರಸ್ತೆ ತೆರೆದ ಮೇಲೂ ಸಿಲ್ಕ್ ಬೋರ್ಡ್ ಬಳಿಯ ಕಾಯುವಿಕೆ ತಪ್ಪಿರಲಿಲ್ಲ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆ–ಬೊಮ್ಮಸಂದ್ರ ನಡುವಣ 19 ಕಿ.ಮೀ. ಉದ್ದದ ಹಳದಿ ಮೆಟ್ರೊ ಮಾರ್ಗ ಆರಂಭವಾದದ್ದು ಲೆಕ್ಕವನ್ನೇ ಬದಲಿಸಿದೆ. ಆರಂಭದಲ್ಲಿ 25 ನಿಮಿಷಕ್ಕೊಂದು ರೈಲು ಇದ್ದ ಈ ಮಾರ್ಗದಲ್ಲಿ ನಂತರ ರೈಲುಗಳ ಸಂಖ್ಯೆ ಹೆಚ್ಚಿತು. ರಂಗಶಂಕರಕ್ಕೆ ಹೋಗುವವರು ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಬಹುದು. ಊಟವನ್ನು ಜಯನಗರ ಅಥವಾ ಜೆ.ಪಿ. ನಗರದಲ್ಲಿಟ್ಟುಕೊಳ್ಳುವುದು ಸೂಕ್ತ. ಲಘುವಾಗಿ ಸಾಕೆನ್ನುವವರಿಗೆ ರಂಗಶಂಕರದ ಆವರಣದಲ್ಲೇ ಕೆಫೆ ಇದೆ. ಅಲ್ಲಿಯ ಅಕ್ಕಿ ರೊಟ್ಟಿ, ಸಬ್ಬಕ್ಕಿ ವಡೆ ರಂಗಾಸಕ್ತರ ನಡುವೆ ಹೆಸರಾದವು. ಆದರೆ ಆಟಕ್ಕೆ ಮುನ್ನ ಎಲ್ಲರೂ ಒಮ್ಮೆಗೇ ಅಲ್ಲಿಗೆ ಬರುತ್ತಾರೆಂಬುದನ್ನು ದೊಡ್ಡ ಗುಂಪು ಮರೆಯಬಾರದು.

ವೈಟ್‌ಫೀಲ್ಡ್: ಪ್ರದರ್ಶನ ವೈಟ್‌ಫೀಲ್ಡ್‌ನಲ್ಲೇ ಇದ್ದರೆ ಅದೃಷ್ಟ. ವರ್ತೂರು ರಸ್ತೆಯ ರಾಮಗೊಂಡನಹಳ್ಳಿಯಲ್ಲಿ ಅರುಂಧತಿ ರಾಜಾ ಮತ್ತು ಜಗದೀಶ್ ರಾಜಾ ದಂಪತಿ ಕಟ್ಟಿದ, ಸುಮಾರು 200 ಆಸನಗಳ ಜಾಗೃತಿ ರಂಗಮಂದಿರ 2011ರಲ್ಲಿ ಬಾಗಿಲು ತೆರೆಯಿತು. ಆದರೆ ಅದು ಮೆಟ್ರೊ ಮಾರ್ಗದಿಂದ ದೂರ. ಐಟಿಪಿಎಲ್ ಕಡೆಯಿಂದ ಹೋಗುವವರು ವರ್ತೂರು ರಸ್ತೆಗೆ ತಲುಪಿದ ಮೇಲೆಯೇ ಹೋಟೆಲು ಹುಡುಕುವುದು ಕ್ಷೇಮ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್‌ನಂತಹ ಕಡೆ ಜಾಝ್ ಸಂಗೀತ ಮತ್ತು ಊಟ ಒಂದೇ ಸೂರಿನಡಿ ನಡೆಯುವುದರಿಂದ ಅವಸರದ ಪ್ರಶ್ನೆಯೇ ಬರುವುದಿಲ್ಲ. ಬೆಲೆ ಮಾತ್ರ ಎಲ್ಲರ ಕೈಗೆಟಕುವಂಥದ್ದಲ್ಲ. ಮಹದೇವಪುರದ ಫೀನಿಕ್ಸ್ ಮಾರ್ಕೆಟ್‌ಸಿಟಿಯಲ್ಲಿ ಸಿನಿಮಾ ನೋಡುವವರಿಗೆ ಅಲ್ಲೇ ಊಟವೂ ಸಿಗುತ್ತದೆ.

ನಗರದೊಳಗೆ ಹೋಗುವವರಿಗೆ ನೇರಳೆ ಮಾರ್ಗ ಇದೆ. ವೈಟ್‌ಫೀಲ್ಡ್–ಕೆ.ಆರ್. ಪುರ ಭಾಗ 2023ರ ಮಾರ್ಚ್‌ನಲ್ಲಿ ತೆರೆಯಿತಾದರೂ ನಡುವಿನ ಕೊಂಡಿ ಸೇರಿ ಪೂರ್ಣ ಮಾರ್ಗ ಸಿದ್ಧವಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾದರೆ ಮಲ್ಲೇಶ್ವರ, ಬಸವನಗುಡಿ, ಜಯನಗರ ಯಾವ ಕಡೆಗೂ ಹೋಗಬಹುದು.

ಪೀಣ್ಯ: ಹಸಿರು ಮಾರ್ಗದ ಪೀಣ್ಯ–ಸಂಪಿಗೆ ರಸ್ತೆ ಸಂಪರ್ಕ 2014ರಿಂದಲೇ ಇದೆ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನಕ್ಕೆ ಹೋಗುವವರು ಸಂಪಿಗೆ ರಸ್ತೆಯಲ್ಲಿಳಿದು ಮಲ್ಲೇಶ್ವರದಲ್ಲೇ ಉಂಡು, ಅಲ್ಲಿಂದ ಆಟೊದಲ್ಲಿ ಹೋಗಬಹುದು. ಇಲ್ಲೊಂದು ಎಚ್ಚರಿಕೆ. ಹಳೆಯ ನೆನಪನ್ನು ನಂಬಿ ಹೋಟೆಲು ಗೊತ್ತುಮಾಡಬಾರದು. ಸಂಪಿಗೆ ರಸ್ತೆಯ ಪ್ರಸಿದ್ಧ ನ್ಯೂ ಕೃಷ್ಣ ಭವನ 2023ರ ಡಿಸೆಂಬರ್‌ನಲ್ಲಿ ಮುಚ್ಚಿತು. ಬೆಣ್ಣೆ ಮಸಾಲೆ ದೋಸೆಯ ಸಿಟಿಆರ್‌ನಲ್ಲಿ ಹನ್ನೆರಡು ಮಂದಿಗೆ ಒಟ್ಟಿಗೆ ಜಾಗ ಸಿಗುವುದು ಕಷ್ಟ. ಇಡ್ಲಿಗೆ ಹೆಸರಾದ ವೀಣಾ ಸ್ಟೋರ್ಸ್‌ನಲ್ಲಿ ನಿಂತೇ ತಿನ್ನಬೇಕು. ಇಬ್ಬರಿಗೆ ಇವು ಚೆನ್ನ, ಗುಂಪಿಗಲ್ಲ.

ಕನಕಪುರ ರಸ್ತೆಯ ಕೋಣನಕುಂಟೆ ಕ್ರಾಸ್‌ನಲ್ಲಿರುವ ಪ್ರೆಸ್ಟೀಜ್ ಸೆಂಟರ್ ಫಾರ್ ಪರ್ಫಾರ್ಮಿಂಗ್ ಆರ್ಟ್ಸ್‌ಗೂ ಪೀಣ್ಯದಿಂದ ರೈಲು ಬದಲಿಸದೆ ಹೋಗಬಹುದು. ಅಲ್ಲಿಯ ಮಾಲ್‌ನಲ್ಲೇ ಊಟದ ವ್ಯವಸ್ಥೆ ಇರುವುದು ಗುಂಪಿಗೆ ಅನುಕೂಲ.

1963ರಲ್ಲಿ ಉದ್ಘಾಟನೆಯಾದ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರಕ್ಕೆ ಮೂರೂ ಕಡೆಯವರು ಬರುತ್ತಾರೆ. 1924ರಲ್ಲಿ ಆರಂಭವಾದ, ಈಗ ಲಾಲ್‌ಬಾಗ್ ರಸ್ತೆಯಲ್ಲಿರುವ ಎಂಟಿಆರ್ ಇಲ್ಲಿಗೆ ಹತ್ತಿರವೇ ಆದರೂ ರಜಾದಿನಗಳಲ್ಲಿ ಸರದಿಗಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಮಳೆಗಾಲದಲ್ಲಿ ಕರಾವಳಿಯ ಮೇಳಗಳು ಕಲಾಕ್ಷೇತ್ರದಲ್ಲಿ ಆಡುವ ರಾತ್ರಿಯಿಡೀ ಯಕ್ಷಗಾನಕ್ಕೆ ಮಾತ್ರ ಈ ಅವಸರ ಇಲ್ಲ. ಆಟ ತಡರಾತ್ರಿ ಶುರುವಾಗುವುದರಿಂದ ಹೊಟ್ಟೆ ತುಂಬ ಉಂಡೇ ಹೋಗಬಹುದು, ಹೋಗಬೇಕು ಕೂಡ.

ಯಾವ ಬಗೆಯ ಹೋಟೆಲು?

ಸಮಯ ಒಂದು ಗಂಟೆಯೊಳಗಿದ್ದರೆ ತಟ್ಟೆ ಊಟ ಅಥವಾ ಬಾಳೆಲೆ ಊಟವೇ ಉತ್ತಮ. ಆರ್ಡರ್ ಹೇಳಿ ಕಾಯುವ ಕೆಲಸವಿಲ್ಲ, ಎಲ್ಲರಿಗೂ ಒಟ್ಟಿಗೆ ಬರುತ್ತದೆ, ತಲೆಗೆ ಇಷ್ಟೆಂದು ಮೊದಲೇ ಗೊತ್ತಿರುತ್ತದೆ. ಕೆಲವು ಹೋಟೆಲುಗಳು ರಾತ್ರಿ ಊಟ ಬಡಿಸಲು ಆರಂಭಿಸುವುದೇ 7 ಗಂಟೆಯ ನಂತರ. ಇದನ್ನು ಮೊದಲೇ ಕೇಳಿ ತಿಳಿಯಬೇಕು.

ಅರ್ಧ ಗಂಟೆ ಮಾತ್ರ ಇದ್ದರೆ ದರ್ಶಿನಿ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಮುಂಗಡ ಹಣ, ಟೋಕನ್, ನಿಂತು ತಿನ್ನುವ ಕಟ್ಟೆ. ಗುಂಪಿನಲ್ಲಿ ವಯಸ್ಸಾದವರಿದ್ದರೆ ಇದು ಬೇಡ.

ಬಫೆಯಲ್ಲಿ ವೇಗ ನಮ್ಮ ಕೈಯಲ್ಲಿರುತ್ತದೆ, ಆದರೆ ಕೊಟ್ಟ ಹಣಕ್ಕೆ ತಕ್ಕಷ್ಟು ತಿನ್ನುವ ಹಟಕ್ಕೆ ಬಿದ್ದರೆ ಎರಡು ಗಂಟೆಯೂ ಸಾಲದು. ಮೇಜಿನ ಮೇಲೇ ಕೆಂಡದ ಒಲೆಯಿಟ್ಟು ಕಬಾಬ್ ಬಡಿಸುವ ಹೋಟೆಲುಗಳು ಹುಟ್ಟುಹಬ್ಬಕ್ಕೆ ಸರಿ, ನಾಟಕದ ಮುನ್ನ ಅಲ್ಲ. ಮೆನು ನೋಡಿ ಒಬ್ಬೊಬ್ಬರು ಒಂದೊಂದು ಹೇಳುವ ಹೋಟೆಲಾದರೆ ಹಿಂದಿನ ದಿನವೇ ಆರ್ಡರ್ ಕೊಟ್ಟಿರಬೇಕು. ನಾಲ್ಕಾರು ಪದಾರ್ಥಗಳನ್ನು ಎಲ್ಲರಿಗೂ ಸೇರಿಸಿ ಹೇಳಿದರೆ ಅಡುಗೆಮನೆಗೂ ಸುಲಭ.

ಹೆಚ್ಚು ನಿರ್ಬಂಧ ಇರುವವರೇ ಮಾನದಂಡ

ಬಹುಮತದ ಮೇಲೆ ಹೋಟೆಲು ಗೊತ್ತುಮಾಡಿದರೆ ಒಬ್ಬಿಬ್ಬರು ಮೊಸರನ್ನ ತಿಂದು ಸುಮ್ಮನೆ ಕೂರಬೇಕಾಗುತ್ತದೆ. ಯಾರಿಗೆ ಹೆಚ್ಚು ನಿರ್ಬಂಧ ಇದೆಯೋ ಅವರನ್ನು ಮೊದಲು ಕೇಳುವುದು ಒಳ್ಳೆಯ ಸಂಪ್ರದಾಯ. ಸಸ್ಯಾಹಾರಿಗಳಲ್ಲೂ ಮೊಟ್ಟೆ ತಿನ್ನುವವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು ಇರುತ್ತಾರೆ. ಮಾಂಸಾಹಾರಿಗಳಲ್ಲಿ ಹಲಾಲ್ ಮಾತ್ರ ತಿನ್ನುವವರಿರುತ್ತಾರೆ. ಶ್ರಾವಣದಲ್ಲಿ, ಸೋಮವಾರ ಶನಿವಾರಗಳಲ್ಲಿ ಬಿಡುವವರಿರುತ್ತಾರೆ. ರಂಜಾನ್ ತಿಂಗಳಲ್ಲಿ ರೋಜಾ ಇರುವ ಸಹೋದ್ಯೋಗಿ 5.40ಕ್ಕೆ ಉಣ್ಣುವಂತಿಲ್ಲ. ಬೆಂಗಳೂರಿನಲ್ಲಿ ಸೂರ್ಯಾಸ್ತ ಋತುವಿಗೆ ತಕ್ಕಂತೆ ಸುಮಾರು 5.50ರಿಂದ 6.50ರ ನಡುವೆ ಆಗುತ್ತದೆ. ಊಟದ ವೇಳೆಯನ್ನು ಅದಕ್ಕೆ ಹೊಂದಿಸಬಹುದು.

ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಊಟದ ಹೊತ್ತು ತಪ್ಪುವುದು ಅಪಾಯಕಾರಿ. ‘ನಾಟಕ ಮುಗಿಸಿ ಉಂಡರಾಯಿತು’ ಎಂಬ ಮಾತು ಅವರಿಗೆ ಅನ್ವಯಿಸುವುದಿಲ್ಲ.

ದುಡ್ಡಿನ ವಿಷಯದಲ್ಲೂ ಇದೇ ನ್ಯಾಯ. ಒಂದೇ ತಂಡದಲ್ಲಿ ವ್ಯವಸ್ಥಾಪಕರೂ ಇರುತ್ತಾರೆ, ಈಗಷ್ಟೇ ಸೇರಿದ ತರಬೇತಿಯವರೂ ಇರುತ್ತಾರೆ. ತಲೆಗೆಷ್ಟು ಎಂಬುದನ್ನು ಟಿಕೆಟ್ ಸೇರಿಸಿ ಮೊದಲೇ ಹೇಳಿದರೆ ಆಗದವರು ಮುಜುಗರವಿಲ್ಲದೆ ಹಿಂದೆ ಸರಿಯಬಹುದು. ಮದ್ಯದ ಬಿಲ್ಲು ಪ್ರತ್ಯೇಕವಾಗಿರಲಿ. ಕುಡಿಯದವರ ಮೇಲೆ ಅದರ ಪಾಲು ಹೊರಿಸುವುದು ಸಲ್ಲದು.

ಬಿಲ್ಲಿನಲ್ಲಿ ಏನಿರಬೇಕು?

ಸಾಮಾನ್ಯ ಹೋಟೆಲುಗಳ ಊಟಕ್ಕೆ ಜಿಎಸ್‌ಟಿ ಶೇ 5. ಕೊಠಡಿ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ದೊಡ್ಡ ಹೋಟೆಲುಗಳ ಒಳಗಿನ ಉಪಾಹಾರ ಗೃಹಗಳಲ್ಲಿ ಅದು ಶೇ 18. ಹನ್ನೆರಡು ಮಂದಿಯ ಬಿಲ್ಲಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯುವಂತೆ ಕೇಳಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇಡೀ ಬಿಲ್ಲನ್ನು ಒಬ್ಬರೇ ಕೊಟ್ಟು, ಉಳಿದವರು ನಂತರ ಯುಪಿಐ ಮೂಲಕ ತಮ್ಮ ಪಾಲು ಕಳುಹಿಸಿದರೆ ಕಾಲು ಗಂಟೆ ಉಳಿಯುತ್ತದೆ.

ಮರಳುವ ದಾರಿ ಮೊದಲೇ ತಿಳಿದಿರಲಿ

ಪ್ರದರ್ಶನ ಮುಗಿಯುವ ಹೊತ್ತಿಗೆ ರಾತ್ರಿ 9.30 ದಾಟಿರುತ್ತದೆ. ಕಚೇರಿಯ ಕ್ಯಾಬ್ ಸಾಮಾನ್ಯವಾಗಿ ಪಾಳಿಯವರಿಗೆ ಮಾತ್ರ. ನಂತರ ಊಟಕ್ಕೆ ಕೂರುವ ಗುಂಪು ತನ್ನ ಮಾರ್ಗದ ಕೊನೆಯ ಮೆಟ್ರೊ ಎಷ್ಟು ಗಂಟೆಗೆ, ಬದಲಾಗುವ ನಿಲ್ದಾಣದಲ್ಲಿ ಮುಂದಿನ ರೈಲು ಸಿಗುತ್ತದೆಯೇ ಎಂಬುದನ್ನು ನೋಡಿಕೊಂಡೇ ಕೂರಬೇಕು. ಕಾಡುಗೋಡಿ, ಬೊಮ್ಮಸಂದ್ರದ ಒಳರಸ್ತೆಗಳಲ್ಲಿ ಮನೆ ಇರುವ ಮಹಿಳೆಯರು ಮತ್ತು ಪೇಯಿಂಗ್ ಗೆಸ್ಟ್ ವಸತಿಯ ಬಾಗಿಲು ಮುಚ್ಚುವ ವೇಳೆಗೆ ತಲುಪಬೇಕಾದವರು ಒಂಟಿಯಾಗಿ ಹೋಗದಂತೆ ಒಂದೇ ದಿಕ್ಕಿನವರನ್ನು ಒಂದು ಕಾರಿಗೆ ಸೇರಿಸುವುದು ಯೋಜಕರ ಹೊಣೆ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು.

ಯೋಜಕರು ಗಮನಿಸಬೇಕಾದ ಅಂಶಗಳು

* ಟಿಕೆಟ್ ಕೊಂಡ ದಿನವೇ ಹೋಟೆಲಿಗೆ ಫೋನ್ ಮಾಡಿ; ಎಷ್ಟು ಮಂದಿ, ಎಷ್ಟು ಗಂಟೆಗೆ ಏಳಬೇಕು ಎಂಬ ಎರಡನ್ನೂ ತಿಳಿಸಿ.
* ಹೋಟೆಲಿನ ವಾರದ ರಜೆ, ಸಂಜೆ ಅಡುಗೆ ಶುರುವಾಗುವ ಹೊತ್ತು ಕೇಳಿ.
* ಮೆಟ್ಟಿಲು, ಲಿಫ್ಟ್, ವಾಹನ ನಿಲುಗಡೆ ವಿಚಾರಿಸಿ.
* ಟಿಕೆಟ್‌ಗಳನ್ನು ಒಬ್ಬರ ಬಳಿಯೇ ಇಟ್ಟುಕೊಳ್ಳದೆ ಎಲ್ಲರಿಗೂ ಮೊದಲೇ ಕಳುಹಿಸಿ. ಹೋಟೆಲಿಗೆ ಬರಲಾಗದವರು ನೇರ ರಂಗಮಂದಿರಕ್ಕೆ ಹೋಗಲಿ.
* ತಡವಾದವರಿಗಾಗಿ ಇಡೀ ಮೇಜು ಕಾಯುವುದು ಬೇಡ. ಅವರಿಗೆ ಎರಡು ಇಡ್ಲಿ ಕಟ್ಟಿಸಿಕೊಂಡರೆ ಒಳಗೆ ಹೋಗುವ ಮುನ್ನ ಆವರಣದಲ್ಲಿ ತಿನ್ನಬಹುದು.