ರಾಣಿ ಇಳಿದ ದಡ, ಜನ ಹತ್ತಿದ ಹಡಗು

ಇವತ್ತು ನಿಮ್ಮನ್ನ ಐರ್ಲೆಂಡಿನ ದಕ್ಷಿಣ ಕರಾವಳಿಯ ಒಂದು ಬಂದರು ಊರಿಗೆ ಕರ್ಕೊಂಡು ಹೋಗ್ತೀನಿ. ಮ್ಯಾಪ್‌ನಲ್ಲಿ ಸ್ಪೆಲ್ಲಿಂಗ್ ನೋಡಿದ್ರೆ ‘ಕೋಬ್’ ಅಂತ ಓದ್ತೀರಿ. ಉಚ್ಚಾರ ಮಾತ್ರ ‘ಕೋವ್’. ಕಾರ್ಕ್ ನಗರದ ಹತ್ತಿರ, ಒಂದು ದ್ವೀಪದ ಇಳಿಜಾರಿನಲ್ಲಿರೋ ಊರು. ಸುಮಾರು 70 ವರ್ಷ ಇದಕ್ಕೆ ಬೇರೆಯದೇ ಹೆಸರಿತ್ತು: ಕ್ವೀನ್ಸ್‌ಟೌನ್.

ಯಾಕಂದ್ರೆ 1849ರ ಆಗಸ್ಟ್‌ನಲ್ಲಿ ವಿಕ್ಟೋರಿಯಾ ರಾಣಿ ಮೊದಲ ಸಲ ಐರ್ಲೆಂಡಿಗೆ ಬಂದಾಗ ಕಾಲಿಟ್ಟಿದ್ದು ಇಲ್ಲಿ. ದಡದಲ್ಲಿ ನಿಂತಿದ್ದು ಸ್ವಲ್ಪ ಹೊತ್ತು, ಅಷ್ಟಕ್ಕೇ ಊರಿನ ಹೆಸರು ಬದಲಾಯ್ತು.

ಆಗ ದೇಶ ಹೇಗಿತ್ತು ಗೊತ್ತಾ? 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದಿತ್ತು. ನಮ್ಮ ಹಾಸನದ ರೈತರಿಗೂ ಚೆನ್ನಾಗಿ ಗೊತ್ತಿರೋ ಅದೇ ರೋಗ. ಐರ್ಲೆಂಡಿನ ಬಡವರು ಹೆಚ್ಚುಕಮ್ಮಿ ಆಲೂಗಡ್ಡೆ ತಿಂದೇ ಬದುಕ್ತಿದ್ರು. ಹಸಿವು, ಜ್ವರಕ್ಕೆ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಅದೇ ವರ್ಷಗಳಲ್ಲಿ ಐರಿಷ್ ಬಂದರುಗಳಿಂದ ದವಸ, ದನ ಇಂಗ್ಲೆಂಡಿಗೆ ಹೋಗ್ತಾನೇ ಇತ್ತು. 1841ರಲ್ಲಿ ಸುಮಾರು 82 ಲಕ್ಷ ಇದ್ದ ಜನಸಂಖ್ಯೆ 1851ಕ್ಕೆ 65 ಲಕ್ಷದ ಆಸುಪಾಸಿಗೆ ಇಳೀತು.

ಬರ ಮುಗಿದರೂ ವಲಸೆ ನಿಲ್ಲಲಿಲ್ಲ. 1859ರಿಂದ ಲಿವರ್‌ಪೂಲ್–ನ್ಯೂಯಾರ್ಕ್ ಉಗಿಹಡಗುಗಳು ಇಲ್ಲಿ ನಿಲ್ಲತೊಡಗಿದವು. 1862ರಲ್ಲಿ ರೈಲು ಊರಿಗೇ ಬಂತು. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕೋದು, ಜನರನ್ನೂ ಟಪಾಲು ಚೀಲಗಳನ್ನೂ ಚಿಕ್ಕ ಹಡಗುಗಳಲ್ಲಿ ಅಲ್ಲಿಗೆ ಸಾಗಿಸೋರು. ವಸತಿಗೃಹಗಳು, ಟಿಕೆಟ್ ಏಜೆಂಟರು, ಅಂಗಡಿಗಳು ಎಲ್ಲಾ ಬೆಳೆದವು. ನನ್ನನ್ನ ಕಾಡೋ ಮಾತು ಇದೇ: ದೇಶ ಖಾಲಿಯಾದಷ್ಟೂ ಈ ಊರಿಗೆ ವ್ಯಾಪಾರ.

ಹೊರಡೋ ಹಿಂದಿನ ರಾತ್ರಿ ಹಳ್ಳಿಗಳಲ್ಲಿ ‘ಅಮೆರಿಕನ್ ವೇಕ್’ ಅಂತ ಮಾಡ್ತಿದ್ರು. ವೇಕ್ ಅಂದ್ರೆ ಸತ್ತವರ ಪಕ್ಕ ಕೂತು ರಾತ್ರಿ ಕಳೆಯೋದು. ಹೊರಟವರು ಬದುಕಿದ್ರೂ ವಾಪಸ್ ಬರಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಹೋದವರಲ್ಲಿ ಹೆಚ್ಚುಕಮ್ಮಿ ಅರ್ಧ ಹೆಣ್ಣುಮಕ್ಕಳು. ಅಕ್ಕ ಅಲ್ಲಿ ಮನೆಗೆಲಸ ಮಾಡಿ ಕಳಿಸಿದ ದುಡ್ಡಲ್ಲಿ ತಂಗಿಯ ಟಿಕೆಟ್. ಹೀಗೇ ಸಾಲು ಮುಂದುವರೀತಿತ್ತು.

ಆ ಸಾಲಿನಲ್ಲಿ ಒಬ್ಬಳು ಆನಿ ಮೂರ್, 17 ವರ್ಷದ ಹುಡುಗಿ. ಅಪ್ಪ-ಅಮ್ಮ ಆಗಲೇ ನ್ಯೂಯಾರ್ಕಿನಲ್ಲಿದ್ದರು. 1891ರ ಡಿಸೆಂಬರ್ 20ರಂದು ಇಬ್ಬರು ತಮ್ಮಂದಿರ ಜೊತೆ ‘ನೆವಾಡಾ’ ಹಡಗು ಹತ್ತಿದಳು. 1892ರ ಜನವರಿ 1ರಂದು ಹೊಸದಾಗಿ ತೆರೆದ ಎಲ್ಲಿಸ್ ಐಲೆಂಡ್ ಕೇಂದ್ರಕ್ಕೆ ಕಾಲಿಟ್ಟ ಮೊದಲ ವಲಸಿಗಳು ಇವಳೇ. 10 ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಪತ್ರಿಕೆಗಳು ಅವಳನ್ನ 15ರ ಬಾಲೆ ಮಾಡಿದವು, ಅವತ್ತೇ ಹುಟ್ಟುಹಬ್ಬ ಅಂತಲೂ ಬರೆದವು. ಎರಡೂ ಸುಳ್ಳು.

ಆಮೇಲೆ ಅವಳು ಪಶ್ಚಿಮಕ್ಕೆ, ಟೆಕ್ಸಸ್‌ಗೆ ಹೋದಳು ಅನ್ನೋ ಕತೆ ಬಹಳ ವರ್ಷ ಓಡ್ತು. ಅದು ಅದೇ ಹೆಸರಿನ ಬೇರೆ ಹೆಂಗಸು ಅಂತ 2006ರಲ್ಲಿ ಗೊತ್ತಾಯ್ತು. ನಿಜವಾದ ಆನಿ ನ್ಯೂಯಾರ್ಕಿನ ಇಕ್ಕಟ್ಟಾದ ಬಡಾವಣೆ ಬಿಟ್ಟು ಹೋಗಲೇ ಇಲ್ಲ. ಹಲವು ಮಕ್ಕಳನ್ನ ಚಿಕ್ಕಂದಿನಲ್ಲೇ ಕಳ್ಕೊಂಡು 1924ರಲ್ಲಿ ತೀರಿಕೊಂಡಳು. ಅವಳ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಂದಿದ್ದು 2008ರಲ್ಲಿ.

ಯೋಚಿಸಿ. ಸ್ವಲ್ಪ ಹೊತ್ತು ನಿಂತ ರಾಣಿಗೆ ಒಂದಿಡೀ ಊರಿನ ಹೆಸರು, ಪ್ರಸಿದ್ಧಳಾದ ವಲಸಿಗಳಿಗೂ 84 ವರ್ಷ ಹೆಸರಿಲ್ಲದ ಮಣ್ಣು. ಹಾಗಾದ್ರೆ 1848ರಿಂದ 1950ರವರೆಗೆ ಈ ಬಂದರಿನಿಂದ ಹೊರಟ ಸುಮಾರು 25 ಲಕ್ಷ ಜನರಲ್ಲಿ ಉಳಿದವರ ಗತಿ?

1920ರಲ್ಲಿ, ಸ್ವಾತಂತ್ರ್ಯ ಹೋರಾಟದ ನಡುವೆ, ಊರಿನವರು ರಾಣಿಯ ಹೆಸರು ತೆಗೆದುಹಾಕಿದರು. ‘ಕೋವ್’ ಅನ್ನೋ ಹಳೇ ಹೆಸರನ್ನೇ ಐರಿಷ್ ಸ್ಪೆಲ್ಲಿಂಗ್‌ನಲ್ಲಿ ಬರೆದುಕೊಂಡರು. ಇವತ್ತು ಅಲ್ಲಿ ಸಮುದ್ರದಂಚಿಗೆ ಹೋದ್ರೆ, ತಮ್ಮಂದಿರನ್ನ ಜೊತೆಗಿಟ್ಟುಕೊಂಡು ನಿಂತಿರೋ ಆನಿಯ ಪ್ರತಿಮೆ ಕಾಣುತ್ತೆ. ಮುಂದಿನ ಕಂತಿನಲ್ಲಿ ಸಿಗೋಣ.